ರೋಗಿಯನ್ನು ಪ್ರಶ್ನಿಸುವ ಮುನ್ನ

ವೈದ್ಯನಾದವನು ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂಬ ನಿಯಮವು ಹಿಪಾಕ್ರಟೀಸನ ಹೆಸರಿನಲ್ಲಿ ನಡೆದುಬಂದಿರುವ ಪ್ರತಿಜ್ಞೆಯಷ್ಟೇ ಹಳೆಯದು. ಅದನ್ನು ಯಾರೂ ಅಲ್ಲಗಳೆಯರು. ಆದರೆ ಈ ಕರ್ತವ್ಯವು ಗುಟ್ಟನ್ನು ಕಾಯುವಲ್ಲಿ ಅಲ್ಲ, ಪ್ರಶ್ನೆಯನ್ನು ಕೇಳುವಲ್ಲಿಯೇ ಆರಂಭವಾಗುತ್ತದೆಂಬುದು ನನ್ನ ಅಭಿಪ್ರಾಯ. ಬೇಡದುದನ್ನು ಕೇಳದಿರುವುದೇ ಅದರ ಮೊದಲ ಮೆಟ್ಟಿಲು.

ಹೆಸರನ್ನು ಅಳಿಸಿಬಿಟ್ಟರೆ ಸಾಕು, ಉಳಿದ ವಿವರಗಳಿಂದೇನು ಕೇಡು ಎನ್ನುವವರುಂಟು. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿಯೂ ಹೀಗೆಯೇ ಭಾವಿಸಿದ್ದರು. ಅಲ್ಲಿಯ ಸರಕಾರಿ ನೌಕರರ ವಿಮಾ ಮಂಡಲಿಯು 1990ರ ದಶಕದಲ್ಲಿ ಚಿಕಿತ್ಸೆಯ ದಾಖಲೆಗಳನ್ನು, ಹೆಸರು ವಿಳಾಸಗಳನ್ನು ತೆಗೆದುಹಾಕಿ, ಸಂಶೋಧಕರಿಗೆ ಒದಗಿಸಿತು. ಜನ್ಮದಿನಾಂಕ, ಲಿಂಗ, ಅಂಚೆ ವಲಯದ ಸಂಖ್ಯೆ ಇವನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಲಟಾನ್ಯಾ ಸ್ವೀನಿ ಎಂಬ ಸಂಶೋಧಕ ವಿದ್ಯಾರ್ಥಿನಿಯು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರುಗಳಿಗೆ ಕೊಂಡು, ಎರಡನ್ನೂ ಹೋಲಿಸಿ ನೋಡಿದಳು. ಸಂಸ್ಥಾನದ ಗವರ್ನರ್ ವಿಲಿಯಂ ವೆಲ್ಡ್‌ನ ಜನ್ಮದಿನಾಂಕವನ್ನೇ ಉಳ್ಳವರು ಅಲ್ಲಿ ಒಟ್ಟು ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಆತನ ಅಂಚೆ ವಲಯದಲ್ಲಿ ಇದ್ದವನು ಒಬ್ಬನೇ! ಗವರ್ನರನ ಕಾಯಿಲೆ ಕಸಾಲೆಗಳ ವಿವರವೆಲ್ಲ ಹೀಗೆ ಆಕೆಯ ಕೈಸೇರಿತು.

ಇದರಲ್ಲಿ ಮಾಯಾಮಂತ್ರವೇನೂ ಇಲ್ಲ. ವಾಚಕರು ತಾವೇ ಲೆಕ್ಕ ಹಾಕಬಹುದು. 80 ವರ್ಷಗಳಲ್ಲಿ ಸುಮಾರು 29,200 ದಿನಗಳುಂಟು. ಒಂದೊಂದು ದಿನಕ್ಕೂ ಗಂಡಿಗೊಂದು, ಹೆಣ್ಣಿಗೊಂದು ಗೂಡನ್ನು ಕಲ್ಪಿಸಿದರೆ 58,400 ಗೂಡುಗಳಾದುವು. 50,000 ಜನಸಂಖ್ಯೆಯುಳ್ಳ ಒಂದು ತಾಲ್ಲೂಕು ಪಟ್ಟಣದವರನ್ನು ಹುಟ್ಟಿದ ದಿನಕ್ಕೆ ತಕ್ಕಂತೆ ಇವುಗಳಲ್ಲಿ ಹಂಚಿರಿ. ಗೂಡಿಗೆ ಸರಾಸರಿ ಒಬ್ಬರೂ ಬೀಳುವುದಿಲ್ಲ. ಅನೇಕರು ತಮ್ಮ ಗೂಡಿನಲ್ಲಿ ಒಬ್ಬಂಟಿಗರಾಗಿಯೇ ಕಾಣಿಸಿಕೊಳ್ಳುತ್ತಾರೆ. ಹೆಸರು ಬೇರೆ ಏತಕ್ಕೆ?

ಹಾಗೆಂದು ವೈದ್ಯರು ಏನನ್ನೂ ಕೇಳದೆ ಇರಲಾದೀತೆ? 1854ರ ಲಂಡನ್ ಕಾಲರಾ ಪಿಡುಗಿನಲ್ಲಿ ಸತ್ತವರ ವಿಳಾಸಗಳು ದೊರೆತುದರಿಂದಲೇ ಜಾನ್ ಸ್ನೋ ಬ್ರಾಡ್ ಬೀದಿಯ ನೀರಿನ ಪಂಪಿನ ಮೇಲೆ ಬೆರಳಿಟ್ಟು ತೋರಿಸಿದನು. ಎಕ್ಸ್‌-ಕಿರಣದ ಚಿತ್ರ ತೆಗೆಯುವ ಮುನ್ನ ಹೆಂಗಸನ್ನು ಗರ್ಭಿಣಿಯೇ ಎಂದು ಕೇಳಲೇಬೇಕು, ಗರ್ಭದ ಶಿಶುವಿಗೆ ಆ ಕಿರಣಗಳಿಂದ ಹಾನಿಯಾಗಬಹುದು. ಆದರೆ ಏಕೆ ಕೇಳುತ್ತಿರುವೆವೆಂದು ತಿಳಿಸಿ ಕೇಳತಕ್ಕದ್ದು. ಸಾಲಿನಲ್ಲಿ ಹಿಂದೆ ನಿಂತವರಿಗೆಲ್ಲ ಕೇಳಿಸುವಂತೆ ಕೂಗಿ ಕೇಳಕೂಡದು. ನೆಗಡಿಗೆ ಔಷಧ ಬೇಡಿಬಂದವನಿಂದ ವರಮಾನ, ಆಧಾರ್ ಸಂಖ್ಯೆ, ಮನೆಮಂದಿಯ ಮೊಬೈಲ್ ಸಂಖ್ಯೆಗಳನ್ನು, ಫಾರಮಿನಲ್ಲಿ ಅಚ್ಚಾಗಿದೆಯೆಂಬ ಒಂದೇ ಕಾರಣಕ್ಕೆ ಬರೆಸಿಕೊಳ್ಳುವುದಂತೂ ಶುದ್ಧ ಅವಿವೇಕ. ಫಾರಮನ್ನು ಅಚ್ಚು ಹಾಕಿಸಿದವನು ರೋಗಿಯ ಮುಖವನ್ನು ಕಂಡವನಲ್ಲ.

ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಸೊಗಸಾದ ಒಂದು ದೃಷ್ಟಾಂತವಿದೆ. ದೂರದಿಂದಲೇ ವೈದ್ಯಸಲಹೆ ಕೊಡುವ ಮೊಬೈಲ್ ಆ್ಯಪ್ ಒಂದು, ರೋಗಿಯ ಫೋನಿನಲ್ಲಿರುವ ನಂಟರಿಷ್ಟರ ಸಂಖ್ಯೆಗಳನ್ನೂ ನೋಡಲು ಅನುಮತಿ ಬೇಡುತ್ತದೆ. ರೋಗಿಯು ಒಪ್ಪಿಯೂ ಬಿಡುತ್ತಾಳೆ. ಆದರೂ ಆ ಒಪ್ಪಿಗೆ ಸಲ್ಲದು, ಚಿಕಿತ್ಸೆಗೆ ಆ ಪಟ್ಟಿಯ ಅಗತ್ಯವಿಲ್ಲ ಎನ್ನುತ್ತದೆ ಕಾಯಿದೆ. ಪ್ರಾಣಾಪಾಯದ ಸಮಯದಲ್ಲಿ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲವೆಂದೂ ಅದು ಹೇಳಿರುವುದು ಯುಕ್ತವಾಗಿಯೇ ಇದೆ.

ಬೇಡದ ಹತ್ತು ಪ್ರಶ್ನೆಗಳಿಗೆ ಬೆದರಿದವನು ಬೇಕಾದ ಒಂದಕ್ಕೂ ನಿಜ ನುಡಿಯಲಾರ. ಕ್ಷಯವನ್ನೇ ತೆಗೆದುಕೊಳ್ಳಿ. ಅದರ ಚಿಕಿತ್ಸೆಯು ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನಡೆಯಬೇಕು. ತನ್ನ ರೋಗದ ಸುದ್ದಿ ಗುಮಾಸ್ತನ ಮೇಜಿನಿಂದ ಓಣಿಗೆ ಹಬ್ಬೀತೆಂದು ಅಂಜಿದವನು ಸುಳ್ಳು ವಿಳಾಸವನ್ನು ಬರೆಸುತ್ತಾನೆ. ಎರಡನೆಯ ತಿಂಗಳಿನಲ್ಲಿ ಕೆಮ್ಮು ನಿಂತೊಡನೆ ಮಾತ್ರೆಯನ್ನು ಬಿಡುತ್ತಾನೆ. ಹುಡುಕಿಕೊಂಡು ಹೋದ ಆರೋಗ್ಯ ಕಾರ್ಯಕರ್ತೆಗೆ ಆ ವಿಳಾಸದಲ್ಲಿ ಅಂಥವರು ಯಾರೂ ಸಿಕ್ಕುವುದಿಲ್ಲ. ಅತ್ತ, ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಅವನ ಶ್ವಾಸಕೋಶದಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಬಲಿಯತೊಡಗಬಹುದು. ಅದೇ ಕೋಣೆಯಲ್ಲಿ ಮಲಗುವ ಮಕ್ಕಳೂ ಆ ಗಾಳಿಯನ್ನೇ ಉಸಿರಾಡುತ್ತಿರುತ್ತಾರೆ.