ಮುದ್ದೆ ಒಂದೇ, ಸಾರು ಹಲವು

ದಿನವೂ ಮುದ್ದೆಯೇ ಎಂದು ಕಡೂರು, ಅಜ್ಜಂಪುರದ ಬಯಲಿನವರನ್ನು ಮಲೆನಾಡಿನವರು ಹಾಸ್ಯ ಮಾಡುವುದುಂಟು. ಆದರೆ ಆ ಊಟ ಏಕತಾನದ್ದಾಗಿರಲಿಲ್ಲ. ಮುದ್ದೆ ಬದಲಾಗದಿದ್ದರೂ ಜೊತೆಯ ಸಾರು ಋತುವಿನೊಡನೆ ಬದಲಾಗುತ್ತಿತ್ತು: ಮುಂಗಾರಿನಲ್ಲಿ ಹೊಲದ ಬೆರಕೆಸೊಪ್ಪು, ಚಳಿಗಾಲದಲ್ಲಿ ಅವರೆ, ಬೇಸಿಗೆಯಲ್ಲಿ ಹುರುಳಿಯ ಬಸ್ಸಾರು. ತರೀಕೆರೆಯ ಕಾಡಂಚಿನಲ್ಲಿ ಮಳೆಗಾಲದ ಕಳಲೆಯೂ ಸೇರುತ್ತಿತ್ತು.

ಈ ವೈವಿಧ್ಯ ಬರುತ್ತಿದ್ದುದು ಅಕ್ಕಡಿ ಸಾಲಿನಿಂದ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿತ್ತಿದ ಹೊಲದಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ಬಿತ್ತದೆ ಬಂದ ಅಣ್ಣೆ, ಗಣಿಕೆ, ಹೊನಗೊನೆಗಳನ್ನು ಹೆಂಗಸರು ಕಳೆ ಕೀಳುವಾಗಲೇ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಇಂದು ಕಳೆನಾಶಕ ಸಿಂಪಡಿಸಿದಲ್ಲಿ ಸಾರಿನ ಸೊಪ್ಪೂ ಸಾಯುತ್ತದೆ. ಕೊಳವೆಬಾವಿಯನ್ನು ನಂಬಿ ಅಡಿಕೆಯೊಂದನ್ನೇ ಇಟ್ಟ ಹೊಲವಂತೂ ಹೊಟ್ಟೆಗೆ ಏನನ್ನೂ ಕೊಡದು.

2013ರ ಅನ್ನಭಾಗ್ಯ ಹಸಿವನ್ನು ತಗ್ಗಿಸಿತು. ಅದನ್ನು ಹಳಿಯುವವರು ಹಸಿದವರಲ್ಲ. ಆದರೂ ಲೆಕ್ಕ ನೋಡಬೇಕು: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸಿನ ಸುಣ್ಣದ ಅಂಶವಿದ್ದರೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 10. ಅನ್ನ, ಬೇಳೆ ಸಾರು, ಮತ್ತೆ ಅನ್ನ ಎಂಬುದೇ ನಿಜವಾದ ಏಕತಾನ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಸಾಮೆ, ನವಣೆಗಳು ನಗರದ ಮಳಿಗೆಗಳಲ್ಲಿ ಚೆಂದದ ಪೊಟ್ಟಣಗಳಾದವು. ನಮ್ಮ ಹೊಲಗಳಿಗೆ ಮರಳಿದ್ದು ಕಡಿಮೆ.

ಮುಂಗಾರಿಗೆ ಒಂದು ಕೋರಿಕೆ. ಅಡಿಕೆ ಇಟ್ಟವರೂ ಬದುವಿನ ಮಗ್ಗುಲಲ್ಲಿ ನಾಲ್ಕು ಸಾಲು ಅಕ್ಕಡಿ ಬಿತ್ತಿರಿ. ವಿದ್ಯಾರ್ಥಿಗಳು ಅಜ್ಜಿಯರೊಡನೆ ಹೊಲಕ್ಕೆ ಹೋಗಿ, ತಿನ್ನುವ ಸೊಪ್ಪುಗಳ ಹೆಸರು, ಗುರುತು, ಬೇಯಿಸುವ ಬಗೆಯನ್ನು ಬರೆದು ಪತ್ರಿಕೆಗೆ ಕಳುಹಿಸಲಿ. ತಿನ್ನಬಾರದ ಸೊಪ್ಪು ಯಾವುದೆಂಬುದೂ ಆ ಅಜ್ಜಿಯರಿಗೇ ಗೊತ್ತು.