2022ರ ಮೂರು ಸಾಕ್ಷ್ಯಚಿತ್ರಗಳು, ಮತ್ತೆ ನಮ್ಮ ಕಾವಲು

ಸಾಕ್ಷ್ಯಚಿತ್ರ ಅಂದ್ರೆ ಆಕಳಿಕೆ ಅನ್ನೋರೇ ಜಾಸ್ತಿ. ಹಿಂದೆ ದೂರದರ್ಶನದಲ್ಲಿ ಬರ್ತಿದ್ದ ವಾರ್ತಾ ಇಲಾಖೆಯ ಚಿತ್ರಗಳನ್ನ ನೋಡಿದವರ ತಪ್ಪೂ ಅಲ್ಲ ಬಿಡಿ. ಆದ್ರೆ 2022ನೇ ವರ್ಷ ಭಾರತದ ಸಾಕ್ಷ್ಯಚಿತ್ರಗಳಿಗೆ ಸುಗ್ಗಿ. ನನಗೆ ಇಷ್ಟವಾದ ಮೂರರ ಬಗ್ಗೆ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಮೂರನೇ ಸ್ಥಾನ 'ದಿ ಎಲಿಫೆಂಟ್ ವಿಸ್ಪರರ್ಸ್'ಗೆ. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನ, ಸುಮಾರು 40 ನಿಮಿಷ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರೋ ಮುದುಮಲೆಯಲ್ಲಿ ಬೊಮ್ಮನ್, ಬೆಳ್ಳಿ ಸೇರಿ ರಘು ಅನ್ನೋ ತಬ್ಬಲಿ ಆನೆಮರಿ ಸಾಕಿದ ಕಥೆ. 2023ರಲ್ಲಿ ಆಸ್ಕರ್ ಬಂತು. ಚಿತ್ರ ಚೆಂದ, ಕಣ್ಣೂ ಒದ್ದೆಯಾಗುತ್ತೆ. ಆದ್ರೆ ರಘುವನ್ನ ಅವರಿಂದ ಬೇರೆಯವರ ಕೈಗೆ ಒಪ್ಪಿಸ್ತಾರಲ್ಲ, ಅಲ್ಲಿ ಕ್ಯಾಮೆರಾ ಅಳುತ್ತೆ ಹೊರತು "ಯಾಕೆ?" ಅಂತ ಕೇಳಲ್ಲ. ಅದಕ್ಕೇ ಮೂರನೇದು.

ಎರಡನೇದು ವಿನಯ್ ಶುಕ್ಲಾ ಅವರ 'ವೈಲ್ ವಿ ವಾಚ್ಡ್'. ಎನ್‌ಡಿಟಿವಿಯಲ್ಲಿದ್ದ ರವೀಶ್ ಕುಮಾರ್ ಅವರ ಸುದ್ದಿಮನೆ. ಕೆಲಸ ಬಿಟ್ಟು ಹೋಗೋರಿಗೆ ಕೇಕು ಕತ್ತರಿಸೋ ದೃಶ್ಯ ಮತ್ತೆ ಮತ್ತೆ ಬರುತ್ತೆ. ಮೊದಲ ಕೇಕಿಗೆ ಏನೂ ಅನಿಸಲ್ಲ, ಆಮೇಲಾಮೇಲೆ ಹೊಟ್ಟೆ ಹಿಂಡುತ್ತೆ. ಅದೇ ವರ್ಷ ನವೆಂಬರಿನಲ್ಲಿ ರವೀಶ್ ಕೂಡ ಅಲ್ಲಿಂದ ಹೊರಬಂದ್ರು.

ಮೊದಲನೇದು, ಎರಡು ಮಾತಿಲ್ಲ, ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್'. ದಿಲ್ಲಿಯಲ್ಲಿ ಗಾಯಗೊಂಡು ಬೀಳೋ ಹದ್ದುಗಳಿಗೆ ಶುಶ್ರೂಷೆ ಮಾಡೋ ನದೀಮ್, ಸೌದ್ ಅನ್ನೋ ಅಣ್ಣತಮ್ಮಂದಿರು. ಸನ್‌ಡಾನ್ಸ್ ಮತ್ತು ಕಾನ್ ಎರಡೂ ಕಡೆ ಪ್ರಶಸ್ತಿ ಗೆದ್ದ ಚಿತ್ರ. ನನಗೆ ಹಿಡಿಸಿದ್ದು ಪ್ರಶಸ್ತಿ ಅಲ್ಲ. ಹದ್ದು ಹುಲಿಯಂಥ ಅಪರೂಪದ ಪ್ರಾಣಿಯೇನಲ್ಲ, ದಿನಾ ತಲೆ ಮೇಲೆ ಹಾರುತ್ತೆ, ಯಾರೂ ತಲೆ ಎತ್ತಿ ನೋಡಲ್ಲ. ಈ ಚಿತ್ರ ನೋಡೋ ಹಾಗೆ ಮಾಡುತ್ತೆ, ಅದೂ ಉಪದೇಶ ಕೊಡದೆ.

ಈಗ ನಮ್ಮೂರ ಕಡೆ ಬರ್ತೀನಿ. ಚಳ್ಳಕೆರೆ ಸುತ್ತಲಿನ ಅಮೃತಮಹಲ್ ಕಾವಲುಗಳೂ ಇಂಥವೇ, ಯಾರೂ ತಿರುಗಿ ನೋಡದವು. ಬಸ್ಸಿನಲ್ಲಿ ಹೋಗೋರಿಗೆ ಅದು ಬರೀ ಬಯಲು, ಕಡತಕ್ಕೆ ಬರಡು. ಕುರಿ ಕಾಯೋರಿಗೆ ಮಾತ್ರ ಅದು ಹುಲ್ಲು. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ಊಟ. ಕೃಷ್ಣಮೃಗಕ್ಕೂ ಅದೇ ಮನೆ. 2007ರ ನಂತರದ ವರ್ಷಗಳಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಬಾರ್ಕ್ ಮುಂತಾದವಕ್ಕೆ ಹಂಚಿಕೆಯಾಯ್ತು. ಬೇಲಿ ಬಿತ್ತು. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ "ಅಲ್ಲಿ ಏನೂ ಇಲ್ಲ" ಅನ್ನೋ ಮಾತು ಇದೆಯಲ್ಲ, ಅದು ಸುಳ್ಳು. ಆ ಸುಳ್ಳಿಗೆ ಉತ್ತರ ಕೊಡೋಕೆ ಭಾಷಣಕ್ಕಿಂತ ಒಂದು ಒಳ್ಳೆ ಸಾಕ್ಷ್ಯಚಿತ್ರ ವಾಸಿ. ಸಾಕ್ಷಿ ಅನ್ನೋ ಪದ ಅದರ ಹೆಸರಲ್ಲೇ ಇದೆ ನೋಡಿ!

ಪಕ್ಕದ ಮೊಳಕಾಲ್ಮುರಿಗೆ ಹೋದ್ರೆ ಇನ್ನೂ ಎಷ್ಟೋ ಚಿತ್ರಗಳು ಕಾಯ್ತಾ ಕೂತಿವೆ. ಮಗ್ಗದ ಮೇಲಿನ ರೇಷ್ಮೆ ಸೀರೆ, ಮ್ಯಾಸ ನಾಯಕರ ದೇವರ ಎತ್ತುಗಳು, ಅವನ್ನ ಕಾಯೋ ಕಿಲಾರಿಗಳು, ಬ್ರಹ್ಮಗಿರಿ ಬಂಡೆ ಮೇಲಿನ ಅಶೋಕನ ಶಾಸನ. ಬರಗಾಲದಲ್ಲಿ ದೇವರ ಎತ್ತಿಗೆ ಮೇವು ಹೊಂದಿಸೋ ಕಿಲಾರಿಯ ಒಂದು ವರ್ಷವನ್ನ, ಹಿನ್ನೆಲೆ ಸಂಗೀತ ತುರುಕದೆ, ಅವರದೇ ಮಾತಲ್ಲಿ ತೋರಿಸಿದ್ರೆ ಸಾಕು. ದುಡ್ಡಿಗಿಂತ ಹೆಚ್ಚಾಗಿ ಬೇಕಿರೋದು ಅಲ್ಲೇ ಇದ್ದು ಕಾಯೋ ತಾಳ್ಮೆ. ಅದನ್ನೇ ಆ ಹದ್ದಿನ ಚಿತ್ರ ನನಗೆ ಹೇಳಿಕೊಟ್ಟಿದ್ದು.

ನಿಮ್ಮೂರಲ್ಲಿ ಯಾವುದರ ಮೇಲೆ ಸಾಕ್ಷ್ಯಚಿತ್ರ ಆಗಬೇಕು ಅನ್ಸುತ್ತೆ? ನೀವೂ ಬರೀರಿ, ಓದೋಕೆ ಕಾಯ್ತಿರ್ತೀನಿ.