ಹಾಡುವುದನ್ನು ಮರೆತ ತಟ್ಟೆಗಳು

ಕಳೆದ ದೀಪಾವಳಿಯ ಮುಂಚೆ ಮನೆಗೆ ಸುಣ್ಣ ಹೊಡೆಸುವ ಸಂದರ್ಭದಲ್ಲಿ ಅಟ್ಟದ ಮೇಲಿನ ಹಳೆಯ ಟ್ರಂಕೊಂದನ್ನು ಕೆಳಗಿಳಿಸಬೇಕಾಯಿತು. ಅದರೊಳಗೆ ಸೀರೆಯೊಂದರ ಮಡಿಕೆಯ ನಡುವೆ ಮೂರು ವಿ.ಸಿ.ಡಿ.ಗಳು ಇದ್ದವು. 2003ರಲ್ಲಿ ಜರುಗಿದ ನನ್ನ ಹಿರಿಯ ಮಗಳ ಮದುವೆಯ ಚಿತ್ರಣ ಅದು. ಮೊಮ್ಮಗನು ಅವುಗಳಲ್ಲೊಂದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಅದರಲ್ಲಿ ಮೂಡಿದ ಏಳು ಬಣ್ಣಗಳನ್ನು ಕಂಡು ಸಂತೋಷಪಟ್ಟನು. ಅನಂತರ, "ಅಜ್ಜಾ, ಇದನ್ನ ಯಾವುದರಾಗ ಹಾಕಿ ನೋಡೂದು?" ಎಂದು ಕೇಳಿದನು.

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ತಟ್ಟೆ ಹಾಕುವ ಯಂತ್ರವನ್ನು ಕೆಲವು ವರ್ಷಗಳ ಹಿಂದೆಯೇ ಗುಜರಿಯವನಿಗೆ ಕೊಟ್ಟಾಗಿತ್ತು. ಸೊಸೆಯ ಲ್ಯಾಪ್‌ಟಾಪಿಗೆ ತಟ್ಟೆ ಇಡುವ ಬಾಯಿಯೇ ಇಲ್ಲ. ನನ್ನ ಮನೆಯವರು ಲಿಂಗೈಕ್ಯರಾಗಿ ಒಂಬತ್ತು ವರ್ಷಗಳಾದವು. ಆ ಮದುವೆಯ ದಿನ ಅರಿಸಿನ ಹಚ್ಚುವಾಗ ಅವರು ಹಾಡಿದ ಸೋಬಾನೆ ಪದವೊಂದು ಈ ತಟ್ಟೆಗಳಲ್ಲಿ ಇದೆ. ಅವರ ಧ್ವನಿ ಬೇರೆಲ್ಲಿಯೂ ಉಳಿದಿಲ್ಲ. ಆ ಗಳಿಗೆಯಲ್ಲಿ ನನಗೆ ಏಳು ವರ್ಷಗಳ ಹಿಂದೆ ಅಮೆರಿಕದಲ್ಲಿ ಕಂಡ ಒಂದು ನೋಟ ನೆನಪಿಗೆ ಬಂದಿತು. ಅದನ್ನು ಈ ತಿಂಗಳು ವಾಚಕರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಆಗ ನಾನು ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗಿದ್ದೆನು. ಅಲ್ಲಿನ ಜನರು ತಮಗೆ ಬೇಡವಾದ ಸಾಮಾನುಗಳನ್ನು ವಾರದ ಕೊನೆಯಲ್ಲಿ ಮನೆಯಂಗಳದಲ್ಲಿಯೇ ಹರಡಿ ಮಾರುವ ರೂಢಿಯುಂಟು. ಅಂತಹ ಒಂದು ಅಂಗಳದಲ್ಲಿ, ಗ್ರಾಮಫೋನ್ ತಟ್ಟೆಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಕವಚಗಳ ರಾಶಿಯನ್ನು ಕಂಡೆನು. ಮೇಲೆ ಸಿನಿಮಾ ಚಿತ್ರ ಅಂಟಿಸಿದ್ದರು. ಒಳಗಿನದು ಏನೆಂದು ನೋಡಲು ಕವಚ ಬಿಚ್ಚಿಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ನಕ್ಕು, "ಅದನ್ನು ಕೈಯಿಂದ ತೆರೆಯುವಂತಿಲ್ಲ, ಯಂತ್ರವೇ ತೆರೆಯಬೇಕು" ಎಂದರು. ಅವರು ಇಂತಹ ಮರೆತುಹೋದ ತಟ್ಟೆಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರು. ಆ ಸಂಜೆ ನಮ್ಮನ್ನು ತಮ್ಮ ಮನೆಗೆ ಕರೆದೊಯ್ದು ತೋರಿಸಿದರು.

ನಾನು ಕಂಡದ್ದು ಆರ್.ಸಿ.ಎ. ಸಂಸ್ಥೆಯ ಸೆಲೆಕ್ಟಾವಿಷನ್ ಎಂಬ ವಿಡಿಯೋ ತಟ್ಟೆ. ಸಂಗ್ರಾಹಕರು ಅದನ್ನು ಸಿ.ಇ.ಡಿ. ಎಂದು ಕರೆಯುತ್ತಾರೆ. ಕವಚವನ್ನು ಯಂತ್ರದ ಸೀಳಿನೊಳಗೆ ಪೂರ್ತಿ ತಳ್ಳಿ ಹಿಂದಕ್ಕೆ ಎಳೆದರೆ ಬರಿಯ ಕವಚ ಮಾತ್ರ ಕೈಗೆ ಬರುತ್ತದೆ. ತಟ್ಟೆ ಒಳಗೇ ಉಳಿಯುತ್ತದೆ. ನೋಡಿ ಮುಗಿದ ಮೇಲೆ ಖಾಲಿ ಕವಚವನ್ನು ಮತ್ತೆ ತಳ್ಳಿದರೆ ತಟ್ಟೆ ಅದರೊಳಗೆ ಸೇರಿಕೊಂಡು ಹೊರಬರುತ್ತದೆ. ಮನುಷ್ಯನ ಬೆರಳು ಅದಕ್ಕೆ ಸೋಕುವುದೇ ಇಲ್ಲ. ಇಷ್ಟೊಂದು ಮಡಿ ಏಕೆಂದರೆ, ಗ್ರಾಮಫೋನಿನಂತೆಯೇ ಅದೂ ಮುಳ್ಳಿನಿಂದ ಓದುವ ತಟ್ಟೆ. ಆದರೆ ಸಾಮಾನ್ಯ ಎಲ್.ಪಿ. ತಟ್ಟೆಯ ಒಂದು ಗೆರೆ ಹಿಡಿಸುವ ಜಾಗದಲ್ಲಿ ಇದರ ಸುಮಾರು 38 ಗೆರೆಗಳು ಅಡಕವಾಗಿರುತ್ತವೆ. ಎಲ್.ಪಿ. ನಿಮಿಷಕ್ಕೆ 33 ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಇದು 450 ಸುತ್ತು ತಿರುಗುತ್ತದೆ. ತಟ್ಟೆಯ ಪ್ಲಾಸ್ಟಿಕ್ಕಿಗೆ ಇಂಗಾಲದ ಪುಡಿಯನ್ನು ಬೆರೆಸಿ ವಿದ್ಯುತ್ತು ಹರಿಯುವಂತೆ ಮಾಡಿದ್ದಾರೆ. ಮುಳ್ಳಿಗೆ ಅಂಟಿಸಿದ ತೆಳು ಲೋಹವು ಗೆರೆಯ ತಳದ ಏರುತಗ್ಗುಗಳಿಂದಾಗುವ ವಿದ್ಯುತ್ ಧಾರಕತೆಯ ವ್ಯತ್ಯಾಸವನ್ನು ಗ್ರಹಿಸಿ ಚಿತ್ರವನ್ನೂ ಧ್ವನಿಯನ್ನೂ ಮೂಡಿಸುತ್ತದೆ. ಒಂದು ಕಣ ಧೂಳು ಕುಳಿತರೂ ಮುಳ್ಳು ಹಾರುತ್ತದೆ, ಚಿತ್ರ ನೆಗೆಯುತ್ತದೆ.

ಆ ಸಂಜೆ ತಟ್ಟೆಯೊಂದು ಮೊದಲು ಮೂರು ನಾಲ್ಕು ಬಾರಿ ನೆಗೆಯಿತು. ವೃದ್ಧರು ಗಾಬರಿಗೊಳ್ಳಲಿಲ್ಲ. "ಬಹುಕಾಲ ಸುಮ್ಮನಿದ್ದುದು, ಮುಳ್ಳು ಒಂದೆರಡು ಸಲ ಓಡಾಡಿದರೆ ದಾರಿ ಸ್ವಚ್ಛವಾಗುತ್ತದೆ" ಎಂದರು. ಹಾಗೆಯೇ ಆಯಿತು. ಬಣ್ಣ ತುಸು ಮಸುಕಾಗಿತ್ತೇ ಹೊರತು ಚಿತ್ರ ಸರಾಗವಾಗಿ ಓಡಿತು.

ಈ ತಟ್ಟೆಯ ಕಥೆ ವಿಷಾದಕರವಾದುದು. ಆರ್.ಸಿ.ಎ. ತನ್ನ ಪ್ರಯೋಗಾಲಯದಲ್ಲಿ ಇದರ ಸಂಶೋಧನೆಯನ್ನು 1964ರ ಸುಮಾರಿಗೆ ಆರಂಭಿಸಿತು. ಆ ಪ್ರಯೋಗಾಲಯವಿದ್ದುದು ಅದೇ ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿ. ಪೇಟೆಗೆ ಬಂದದ್ದು 1981ರ ಮಾರ್ಚ್ 22ರಂದು. ಅಂದರೆ ಹದಿನೇಳು ವರ್ಷಗಳ ತರುವಾಯ. ಯಂತ್ರದ ಬೆಲೆ ಸುಮಾರು 500 ಡಾಲರ್. ಗ್ರಾಮಫೋನ್ ತಟ್ಟೆಯಂತೆ ಅಚ್ಚೊತ್ತಬಹುದಾದ್ದರಿಂದ ಸಿನಿಮಾ ಅಗ್ಗವಾಗಿ ಮನೆಮನೆಗೆ ತಲುಪುವುದೆಂಬ ಲೆಕ್ಕಾಚಾರ ಅವರದು. ಆದರೆ ಆ ಹದಿನೇಳು ವರ್ಷಗಳಲ್ಲಿ ಲೋಕ ಬದಲಾಗಿತ್ತು. ವಿ.ಸಿ.ಆರ್. ಬಂದಿತ್ತು, ಅದರಲ್ಲಿ ದೂರದರ್ಶನದ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳಬಹುದಿತ್ತು, ತಟ್ಟೆಯಲ್ಲಿ ಆಗುತ್ತಿರಲಿಲ್ಲ. ಕ್ಯಾಸೆಟ್ಟುಗಳು ಬಾಡಿಗೆಗೂ ಸಿಗತೊಡಗಿದ್ದವು. 1984ರಲ್ಲಿ ಯಂತ್ರಗಳ ತಯಾರಿಕೆ ನಿಂತಿತು. 1986ರಲ್ಲಿ ತಟ್ಟೆಗಳ ತಯಾರಿಕೆಯೂ ನಿಂತಿತು. ಸಂಸ್ಥೆಗೆ ಆದ ನಷ್ಟ ಸುಮಾರು 58 ಕೋಟಿ ಡಾಲರ್. ಕಟ್ಟಕಡೆಗೆ ಅಚ್ಚಾದ ತಟ್ಟೆಗಳಲ್ಲೊಂದು ಸಿನಿಮಾ ಅಲ್ಲ. ಈ ಕಾರ್ಯದಲ್ಲಿ ದುಡಿದ ನೌಕರರಿಗೆ ನೆನಪಿಗಾಗಿ ಹಂಚಿದ ತಟ್ಟೆ. ತಾವು ಕಟ್ಟಿದ್ದು ಮುಗಿಯಿತೆಂದು ತಿಳಿದೂ, ಆ ಕೆಲಸಗಾರರು ಅದರ ಚರಿತ್ರೆಯನ್ನು ಅದರಲ್ಲಿಯೇ ಬರೆದಿಟ್ಟು ಹೋದರು.

ಇದೊಂದೇ ಅಲ್ಲ. ಜರ್ಮನಿಯಲ್ಲಿ 1975ರಲ್ಲಿ ಟೆಲ್ಡೆಕ್ ತಟ್ಟೆ ಎಂಬುದು ಮಾರಾಟಕ್ಕೆ ಬಂದಿತು. ಅದು ಹಾಳೆಯಂತೆ ಬಳುಕುವ ತೆಳು ತಟ್ಟೆ. ಹಿಡಿಸುತ್ತಿದ್ದುದು ಹತ್ತು ನಿಮಿಷಗಳ ಚಿತ್ರ ಮಾತ್ರ. ಸ್ವಲ್ಪ ಕಾಲದಲ್ಲಿಯೇ ಅದು ಮರೆಯಾಯಿತು. ಜಪಾನಿನ ಜೆ.ವಿ.ಸಿ. ಸಂಸ್ಥೆಯು 1983ರಲ್ಲಿ ಗೆರೆಯಿಲ್ಲದ ವಿ.ಎಚ್.ಡಿ. ಎಂಬ ತಟ್ಟೆಯನ್ನು ತಂದಿತು. ಇವೆಲ್ಲವುಗಳಿಗಿಂತ ದೀರ್ಘಾಯುವಾದುದು ಲೇಸರ್ ಡಿಸ್ಕ್. 1978ರ ಡಿಸೆಂಬರ್ ತಿಂಗಳಲ್ಲಿ ಅದು ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮೊದಲು ಮಾರಾಟವಾಯಿತು. ಊಟದ ತಟ್ಟೆಯಷ್ಟು ಅಗಲದ ಬೆಳ್ಳಿಯ ಬಣ್ಣದ ಆ ತಟ್ಟೆಯನ್ನು ಮುಳ್ಳು ಮುಟ್ಟುವುದಿಲ್ಲ. ಬೆಳಕಿನ ಕಿರಣವೇ ಓದುತ್ತದೆ. ಹೊಳೆಯುವುದರಲ್ಲಿ ನಮ್ಮ ಸಿ.ಡಿ.ಗೆ ಅದು ಅಕ್ಕನಂತಿದ್ದರೂ ಚಿತ್ರವನ್ನು ಅಂಕೆಗಳಾಗಿ ಮಾರ್ಪಡಿಸದೆ ಅಲೆಯ ರೂಪದಲ್ಲಿಯೇ ಇಟ್ಟುಕೊಂಡಿರುತ್ತದೆ. ಪಯೋನಿಯರ್ ಸಂಸ್ಥೆಯು ಅದರ ಯಂತ್ರಗಳ ತಯಾರಿಕೆಗೆ ಮುಕ್ತಾಯ ಘೋಷಿಸಿದ್ದು 2009ರಲ್ಲಿ.

ಹೀಗೆ ಸತ್ತುಹೋದ ತಟ್ಟೆಗಳನ್ನು ಹಣ ಕೊಟ್ಟು ಕೂಡಿಹಾಕುವುದು ಹುಚ್ಚಲ್ಲವೇ ಎಂದು ನನ್ನ ಮಗ ಆ ವೃದ್ಧರನ್ನು ಕೇಳಿಯೇ ಬಿಟ್ಟನು. ಅವರು ಬೇಸರಪಡದೆ ಲೇಸರ್ ಡಿಸ್ಕೊಂದನ್ನು ಹೊರತೆಗೆದರು. ಸ್ಟಾರ್ ವಾರ್ಸ್ ಎಂಬ ಪ್ರಸಿದ್ಧ ಚಿತ್ರಮಾಲಿಕೆಯ ಸೃಷ್ಟಿಕರ್ತರು 1997ರಲ್ಲಿ ಅದನ್ನು ತಿದ್ದಿ ಹೊಸ ರೂಪ ಕೊಟ್ಟರು. ಮೊದಲಿನ ರೂಪವನ್ನು 2006ರಲ್ಲಿ ಡಿ.ವಿ.ಡಿ.ಯ ಜೊತೆಗೆ ಕೊಡಬೇಕಾಗಿ ಬಂದಾಗ, 1993ರ ಲೇಸರ್ ಡಿಸ್ಕಿಗೆಂದು ಸಿದ್ಧಪಡಿಸಿದ್ದ ಪ್ರತಿಯನ್ನೇ ಅವಲಂಬಿಸಬೇಕಾಯಿತು. "ಹಳೆಯದನ್ನು ಹೊಸದು ನುಂಗಿದಾಗ ಸಾಕ್ಷಿ ಹೇಳಲು ಯಾರಾದರೂ ಬೇಕಲ್ಲವೇ?" ಎಂದರು ಅವರು. ಆದರೆ ಈ ಸಾಕ್ಷಿಗೂ ಆಯುಷ್ಯ ಅಲ್ಪ. ಲೇಸರ್ ಡಿಸ್ಕಿನ ಎರಡು ಪದರಗಳನ್ನು ಕೂಡಿಸಿದ ಅಂಟು ಸರಿಯಿಲ್ಲದಿದ್ದರೆ ಒಳಗಿನ ಅಲ್ಯುಮಿನಿಯಂ ಕಿಲುಬು ಹಿಡಿಯುತ್ತದೆ. ಚಿತ್ರದ ತುಂಬ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಹವ್ಯಾಸಿಗಳು ಅದನ್ನು ತಟ್ಟೆಯ ಕೊಳೆರೋಗವೆಂದು ಕರೆಯುತ್ತಾರೆ, ಅದಕ್ಕೆ ಔಷಧವಿಲ್ಲ. ಆದುದರಿಂದ ಕೆಲವರು ಕಿರಣವು ಓದುವ ಮೂಲ ಸಂಕೇತವನ್ನೇ ಯಂತ್ರದೊಳಗಿಂದ ನೇರವಾಗಿ ಕಂಪ್ಯೂಟರಿಗೆ ಇಳಿಸಿಕೊಂಡು, ಚಿತ್ರವನ್ನು ಲೆಕ್ಕದ ಮೂಲಕ ಬಿಡಿಸುವ ವಿಧಾನವನ್ನು ಕಂಡುಕೊಂಡಿದ್ದಾರೆ.

ಈ ಕೆಲಸದ ಮಹತ್ವ ತಿಳಿಯಬೇಕಾದರೆ ಇಂಗ್ಲೆಂಡಿನ ಒಂದು ನಿದರ್ಶನವನ್ನು ನೋಡಬೇಕು. 1086ರಲ್ಲಿ ಅಲ್ಲಿನ ರಾಜ ವಿಲಿಯಂ ತನ್ನ ನಾಡಿನ ಹೊಲ ಮನೆಗಳ ಲೆಕ್ಕವನ್ನೆಲ್ಲ ಬರೆಸಿದನು. ಡೂಮ್ಸ್‌ಡೇ ಎಂಬ ಹೆಸರಿನ ಆ ಗ್ರಂಥ ಚರ್ಮದ ಹಾಳೆಗಳ ಮೇಲೆ ಇಂದಿಗೂ ಇದೆ. ಅದಕ್ಕೆ ಒಂಬೈನೂರು ವರ್ಷ ತುಂಬಿದ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಶಾಲಾ ಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ದಿನಚರಿಯನ್ನೂ ಚಿತ್ರಗಳನ್ನೂ ಕಳುಹಿಸಿದರು. ಅದನ್ನೆಲ್ಲ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಅವುಗಳನ್ನು ಓದಲು ವಿಶೇಷ ಯಂತ್ರವೂ ಆ ಕಾಲದ ಒಂದು ಕಂಪ್ಯೂಟರೂ ಬೇಕಾಗಿದ್ದವು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಓದಬಲ್ಲ ಯಂತ್ರಗಳು ಬೆರಳೆಣಿಕೆಯಷ್ಟಾದವು. ಒಂಬೈನೂರು ವರ್ಷದ ಚರ್ಮದ ಹಾಳೆ ಓದಲು ಸಿಗುತ್ತದೆ. ಹದಿನೈದು ವರ್ಷದ ತಟ್ಟೆ ಸಿಗುವುದಿಲ್ಲ! ಕೊನೆಗೆ ವಿಶ್ವವಿದ್ಯಾಲಯಗಳ ತಜ್ಞರು 2002ರಲ್ಲಿ ಹಳೆಯ ಕಂಪ್ಯೂಟರಿನ ನಡೆಯನ್ನೇ ಹೊಸ ಕಂಪ್ಯೂಟರಿಗೆ ಕಲಿಸಿ ಅದನ್ನು ಬಿಡಿಸಿಕೊಂಡರು.

ಆಶೆಗೆ ಕಾರಣವಾದ ಮತ್ತೊಂದು ಸಂಗತಿಯೂ ಉಂಟು. ಟೆಲಿವಿಷನ್ನಿನ ಆದ್ಯರಲ್ಲೊಬ್ಬನಾದ ಜಾನ್ ಲೋಗಿ ಬೇರ್ಡ್ 1927ರಲ್ಲಿ ಮೂವತ್ತು ಗೆರೆಗಳ ಚಿತ್ರವನ್ನು ಮೇಣದ ತಟ್ಟೆಯ ಮೇಲೆ ಕೊರೆದಿದ್ದನು. ಆದರೆ ಅದನ್ನು ತೃಪ್ತಿಕರವಾಗಿ ಮರಳಿ ತೋರಿಸುವ ಸಾಧನ ಅವನಲ್ಲಿರಲಿಲ್ಲ. 1980ರ ದಶಕದಲ್ಲಿ ಕಂಪ್ಯೂಟರಿನ ನೆರವಿನಿಂದ ಆ ಕಾಲದ ತಟ್ಟೆಗಳಿಂದ ಚಿತ್ರಗಳನ್ನು ಹೊರತೆಗೆಯಲಾಯಿತು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರೋ ಆ ನಿರುಪಯೋಗಿ ತಟ್ಟೆಗಳನ್ನು ಎಸೆಯದೆ ಇಟ್ಟುಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು.

ಅಮೆರಿಕದ ಜನರು ವಿ.ಸಿ.ಡಿ.ಯನ್ನು ಅಷ್ಟಾಗಿ ಬಳಸಲಿಲ್ಲ, ನಾವು ಸಿ.ಇ.ಡಿ.ಯ ಹೆಸರನ್ನೇ ಕೇಳಿರಲಿಲ್ಲ. 1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಏಷ್ಯಾದ ಮನೆಗಳನ್ನು ಹೊಕ್ಕಿತು. ಒಂದು ತಟ್ಟೆಯಲ್ಲಿ ಸುಮಾರು 74 ನಿಮಿಷಗಳು ಮಾತ್ರ ಹಿಡಿಸುವುದರಿಂದ ಒಂದು ಚಿತ್ರಕ್ಕೆ ಎರಡು ಮೂರು ತಟ್ಟೆಗಳು ಬೇಕಾಗುತ್ತಿದ್ದವು. ನಮ್ಮ ಊರುಗಳ ಸ್ಟುಡಿಯೋದವರು ಮದುವೆ, ಗೃಹಪ್ರವೇಶ, ಜಾತ್ರೆಗಳನ್ನೆಲ್ಲ ಅದರಲ್ಲಿಯೇ ತುಂಬಿಕೊಟ್ಟರು. ಇಂದು ಅದೂ ಸೆಲೆಕ್ಟಾವಿಷನ್ನಿನ ಸಾಲಿಗೆ ಸೇರಿದೆ. ವ್ಯತ್ಯಾಸವಿಷ್ಟೇ: ಅಲ್ಲಿ ಕಳೆದುಹೋಗುವುದು ಸಿನಿಮಾ, ಅದು ಇನ್ನೊಂದೆಡೆ ಸಿಕ್ಕೀತು. ನಮ್ಮ ಟ್ರಂಕಿನಲ್ಲಿರುವುದು ಜಗತ್ತಿನಲ್ಲಿ ಮತ್ತೆಲ್ಲಿಯೂ ಸಿಗದು.

ಈಗ ನಮ್ಮ ಮನೆಯ ತಟ್ಟೆಗಳ ವಿಷಯವನ್ನು ಮುಗಿಸುತ್ತೇನೆ. ಪರಿಚಿತರೊಬ್ಬರಿಂದ ಕಂಪ್ಯೂಟರಿಗೆ ಜೋಡಿಸುವ ತಟ್ಟೆಯೋದುಗವನ್ನು ಎರವಲು ತಂದೆವು. ಮೊದಲನೆಯ ತಟ್ಟೆ ಓಡಿತು. ಎರಡನೆಯದು ಅರಿಸಿನದ ಹೊತ್ತಿಗೆ ಸರಿಯಾಗಿ ಸಿಕ್ಕಿಕೊಂಡಿತು. ಹತ್ತು ಸಲ ಒರೆಸಿ ಹಾಕಿದರೂ ಫಲವಾಗಲಿಲ್ಲ. ಅದರ ಮೇಲ್ಮೈಗೆ ಯಾವಾಗಲೋ ನಾನೇ ಬಾಲ್‌ಪೆನ್ನಿನಿಂದ ಒತ್ತಿ ದಿನಾಂಕ ಬರೆದಿದ್ದೆನು. ತಪ್ಪು ನನ್ನದೇ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗಾದ ಮೇಲೆ ಮಗಳು ಫೋನಿನಲ್ಲಿ, "ಅಪ್ಪಾ, ನಮ್ಮ ಅತ್ತಿಯವರ ಕಡೇನೂ ಒಂದು ಪ್ರತಿ ಐತಿ; ಅವರು ಬಟ್ಟಿಯೊಳಗ ಸುತ್ತಿ ಕಪಾಟಿನಾಗ ಇಟ್ಟಾರ" ಎಂದಳು. ಬೀಗರ ಮನೆಯ ಪ್ರತಿಗೆ ಒಂದು ಗೀರೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳ ಮೇಲೆ ಆ ಸೋಬಾನೆ ಪದ ನಮ್ಮ ಪಡಸಾಲೆಯಲ್ಲಿ ಕೇಳಿಬಂದಿತು. ಮೊಮ್ಮಗನು ಅಜ್ಜಿಯ ಧ್ವನಿಯನ್ನು ತಿಳಿದದ್ದು ಆ ದಿನವೇ.

ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿರುವ ಸಿ.ಡಿ., ವಿ.ಸಿ.ಡಿ.ಗಳನ್ನು ಈ ತಿಂಗಳಲ್ಲಿಯೇ ಹೊರತೆಗೆಯಿರಿ. ಅಂಚನ್ನು ಮಾತ್ರ ಹಿಡಿಯಿರಿ. ಸಿ.ಡಿ.ಯಲ್ಲಿ ಚಿತ್ರವನ್ನು ಹೊತ್ತ ಪದರವು ಹೊಳೆಯುವ ಕೆಳಭಾಗದಲ್ಲಿಲ್ಲ, ಹೆಸರು ಬರೆಯುವ ಮೇಲ್ಭಾಗದ ತೆಳು ಲೇಪದ ಕೆಳಗೇ ಇರುತ್ತದೆ. ಆದುದರಿಂದ ಅಲ್ಲಿ ಒತ್ತಿ ಬರೆಯಬಾರದು, ಚೀಟಿ ಅಂಟಿಸಬಾರದು. ಸ್ಟುಡಿಯೋದಲ್ಲಿ ಬರೆಯಿಸಿದ ತಟ್ಟೆಯ ಬಣ್ಣದ ಲೇಪವು ಬಿಸಿಲಿಗೆ ಕೆಡುತ್ತದೆ. ನೆರಳಿನಲ್ಲಿ, ತೇವವಿಲ್ಲದ ಕಡೆ, ನೆಟ್ಟಗೆ ನಿಲ್ಲಿಸಿ ಇಡಬೇಕು. ಮನೆಯ ಮಕ್ಕಳ ನೆರವಿನಿಂದ ಕಂಪ್ಯೂಟರಿಗೆ ಇಳಿಸಿ, ಒಂದಲ್ಲ, ಎರಡು ಮೂರು ಕಡೆ ಪ್ರತಿ ಇಡಿರಿ. ಅದರಲ್ಲಿ ಯಾರು ಯಾರಿದ್ದಾರೆಂದು ಕಾಗದದ ಮೇಲೆ ಬರೆದಿಡಿರಿ. ಹೆಸರು ಹೇಳುವ ಹಿರಿಯರೂ ಶಾಶ್ವತರಲ್ಲ. ಒಂದು ಪ್ರತಿಯನ್ನು ಬೀಗರ ಮನೆಗೂ ಕಳುಹಿಸಿರಿ. ನಮ್ಮ ಮನೆಯ ಧ್ವನಿಯನ್ನು ಉಳಿಸಿಕೊಟ್ಟವರು ಅವರೇ ಎಂಬುದನ್ನು ನಾನು ಮರೆಯಲಾರೆ.